ದರ್ಬಾರಿನ ಪದಕ ಮತ್ತು ಅದರ ರೂವಾರಿ

ಬೆಳ್ಳಿಯ ಬೆಲೆ ಏರಿದಂತೆಲ್ಲ ನಮ್ಮ ಗಡಿಭಾಗದ ಮನೆಗಳ ಹಳೆಯ ಪೆಟ್ಟಿಗೆಗಳು ಹಗುರಾಗುತ್ತಿವೆ. ಲಗ್ನ ಗೊತ್ತಾದ ಕೂಡಲೇ ಅಜ್ಜಿಯ ಕಾಲದ ಕಲದಾರ ರೂಪಾಯಿಗಳು ಸರಾಫರ ತಕ್ಕಡಿಯನ್ನೇರಿ, ಹೊಸ ಕಾಲುಂಗುರವಾಗಿಯೋ ಆರತಿಯ ತಟ್ಟೆಯಾಗಿಯೋ ಮನೆಗೆ ಮರಳುತ್ತವೆ. ಲೋಹವು ರೂಪ ಬದಲಿಸುವುದು ಲೋಹದ ಧರ್ಮ; ಅದನ್ನು ಆಕ್ಷೇಪಿಸಲು ನಾನು ಕುಳಿತಿಲ್ಲ. ಆದರೆ ಆ ತಕ್ಕಡಿಗೆ ನಾಣ್ಯಗಳೊಡನೆ ಆಗೊಮ್ಮೆ ಈಗೊಮ್ಮೆ ಪದಕಗಳೂ ಬೀಳುತ್ತವೆ. ಪದಕಕ್ಕೆ ಎರಡು ಬಗೆಯ ಆಪತ್ತು. ಒಂದು ಕಡೆ ಅದು ‘ಗುಲಾಮಗಿರಿಯ ಬಿಲ್ಲೆ’ ಎಂದು ಕರಗುತ್ತದೆ. ಇನ್ನೊಂದು ಕಡೆ ‘ನಮ್ಮ ಮನೆತನಕ್ಕೆ ಚಕ್ರವರ್ತಿ ಕೊಟ್ಟದ್ದು’ ಎಂದು ಕನ್ನಡಿಯ ಚೌಕಟ್ಟಿನೊಳಗೆ ಸೇರಿ ಗೋಡೆಯನ್ನೇರುತ್ತದೆ. ಎರಡೂ ಕಡೆ ಅದನ್ನು ಓದುವವರಿಲ್ಲ. ಕನ್ನಡ ವಿಭಾಗದವರಾದ ನಮಗೆ ಓದುವುದೇ ಕಸುಬಾದ್ದರಿಂದ, ಅಂಥ ಒಂದು ಪದಕವನ್ನೂ ಅದನ್ನು ರೂಪಿಸಿದ ಶಿಲ್ಪಿಯನ್ನೂ ಕುರಿತು ನಾಲ್ಕು ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಪದಕವು 1911ರ ದೆಹಲಿ ದರ್ಬಾರಿನದು. ಆ ವರ್ಷದ ಜೂನ್ 22ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಐದನೆಯ ಜಾರ್ಜ್ ದೊರೆಗೆ ಪಟ್ಟಾಭಿಷೇಕವಾಯಿತು. ಡಿಸೆಂಬರ್ 12ರಂದು ಅದೇ ದೊರೆ ರಾಣಿ ಮೇರಿಯೊಡನೆ ದೆಹಲಿಯ ಹೊರವಲಯದ ಬಯಲಿನಲ್ಲಿ ಕಿರೀಟ ಧರಿಸಿ ಕುಳಿತು ಭಾರತದ ಸಂಸ್ಥಾನಿಕರ ವಂದನೆಯನ್ನು ಸ್ವೀಕರಿಸಿದನು. ದೆಹಲಿಯಲ್ಲಿ 1877ರಲ್ಲಿಯೂ 1903ರಲ್ಲಿಯೂ ದರ್ಬಾರುಗಳು ನಡೆದಿದ್ದವು. ಆದರೆ ಸಿಂಹಾಸನಾಧೀಶನೇ ಸ್ವತಃ ಹಡಗು ಹತ್ತಿ ಬಂದದ್ದು ಇದೊಂದು ಸಲ ಮಾತ್ರ. ಬಂಗಾಲದ ವಿಭಜನೆ ರದ್ದಾದುದೂ ರಾಜಧಾನಿ ಕಲಕತ್ತೆಯಿಂದ ದೆಹಲಿಗೆ ಬರುವುದೂ ಘೋಷಣೆಯಾದದ್ದು ಅಲ್ಲಿಯೇ. ಆ ಸಮಾರಂಭದ ನೆನಪಿಗಾಗಿ ಸುಮಾರು 200 ಚಿನ್ನದ ಪದಕಗಳನ್ನೂ ಸುಮಾರು 30,000 ಬೆಳ್ಳಿಯ ಪದಕಗಳನ್ನೂ ಟಂಕಿಸಲಾಯಿತು. ಚಿನ್ನದವು ಆಳುವ ರಾಜರಿಗೆ ಮತ್ತು ಅತ್ಯುನ್ನತ ಅಧಿಕಾರಿಗಳಿಗೆ. ಬೆಳ್ಳಿಯವು ಉಳಿದ ಅಧಿಕಾರಿಗಳಿಗೆ, ಸೈನಿಕರಿಗೆ, ಸರಕಾರ ಮೆಚ್ಚಿದವರಿಗೆ. ಪಡೆದವನ ಹೆಸರನ್ನು ಅದರ ಮೇಲೆ ಕೊರೆಯುತ್ತಿರಲಿಲ್ಲ. ಆದಕಾರಣ ಇಂದು ಒಂದು ಬೆಳ್ಳಿಯ ಪದಕ ಕೈಗೆ ಸಿಕ್ಕರೆ ಅದು ಯಾರ ಎದೆಯ ಮೇಲಿತ್ತು ಎಂಬುದನ್ನು ಆ ಮನೆಯ ಹಿರಿಯರ ಬಾಯಿಂದಲೇ ಕೇಳಬೇಕು. ಹಿರಿಯರು ಹೋದರೆ ಪದಕ ಅನಾಮಧೇಯ.

ಅಗಲ ಒಂದೂವರೆ ಇಂಚು. ಕಡುನೀಲಿ ಪಟ್ಟಿ, ಅದರ ನಡುವೆ ಎರಡು ಕೆಂಪು ಗೆರೆಗಳು. ಮುಂಭಾಗದಲ್ಲಿ ದೊರೆ ಮತ್ತು ರಾಣಿ, ಇಬ್ಬರೂ ಕಿರೀಟ ಮತ್ತು ರಾಜವಸ್ತ್ರ ಧರಿಸಿ ಎಡಕ್ಕೆ ಮುಖ ಮಾಡಿದ್ದಾರೆ. ಒಬ್ಬರ ಹಿಂದೆ ಒಬ್ಬರು ಎನ್ನುವಂತೆ ಎರಡು ಮುಖಗಳು ಒಂದರ ಅಂಚಿಗೆ ಒಂದು ತಾಗಿವೆ. ಸುತ್ತಲೂ ಗುಲಾಬಿಯ ಮಾಲೆ. ಲಂಡನ್ನಿನ ಪಟ್ಟಾಭಿಷೇಕದ ಪದಕಕ್ಕೆ ಮಾಡಿದ ಚಿತ್ರವೇ ಇಲ್ಲಿಯೂ ಬಂದಿದೆ. ಬೇರೆಯಾದದ್ದು ಹಿಂಭಾಗ. ಲಂಡನ್ನಿನ ಪದಕದಲ್ಲಿ ಅಲ್ಲಿ ರಾಜಮುದ್ರೆಯ ಅಕ್ಷರಗಳಿವೆ. ದೆಹಲಿಯದರಲ್ಲಿ ಪಾರ್ಸಿಯ ಬರಹವಿದೆ. ಭಾರತದ ಚಕ್ರವರ್ತಿಯೂ ಇಂಗ್ಲೆಂಡಿನ ನಾಡುಗಳ ಒಡೆಯನೂ ಆದ ಐದನೆಯ ಜಾರ್ಜನ ದರ್ಬಾರು ಎಂಬುದು ಅದರ ತಾತ್ಪರ್ಯ.

ಈ ಪಾರ್ಸಿಯ ಮುಂದೆ ಸ್ವಲ್ಪ ನಿಲ್ಲಬೇಕು. ಕಂಪನಿ ಸರಕಾರವು ಆಡಳಿತದಿಂದ ಪಾರ್ಸಿಯನ್ನು ತೆಗೆದುಹಾಕಲು ಕಾಯಿದೆ ಮಾಡಿದ್ದು 1837ರಲ್ಲಿ. ಎಪ್ಪತ್ತುನಾಲ್ಕು ವರ್ಷಗಳ ತರುವಾಯ, ತಾನೇ ಕಚೇರಿಯಿಂದ ಹೊರಗೆ ಹಾಕಿದ ಭಾಷೆಯನ್ನು ಸಾಮ್ರಾಜ್ಯವು ಮತ್ತೆ ಕರೆದು ಪದಕದ ಬೆನ್ನಿನ ಮೇಲೆ ಕೂರಿಸಿತು. ಆ ಭಾಷೆ ಬೇಕಾದದ್ದು ಓದುವುದಕ್ಕಲ್ಲ, ಮೊಗಲರ ಸಿಂಹಾಸನದ ವಾರಸುದಾರಿಕೆಯನ್ನು ತೋರಿಸುವುದಕ್ಕೆ. ದರ್ಬಾರಿನ ಜರತಾರಿ ಡೇರೆಗಳಂತೆ ಅದೂ ಒಂದು ಅಲಂಕಾರ. ಪದಕ ಪಡೆದ ಮೂವತ್ತು ಸಾವಿರ ಮಂದಿಯಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದಿರಬಹುದೆಂದು ಓದುಗರೇ ಊಹಿಸಲಿ. ಅದೇ ಕಾಲದ ಒಂದಾಣೆಯ ನಾಣ್ಯವನ್ನು ನೋಡಿ. ಅಂಚು ಅಲೆಅಲೆಯಾಗಿರುವ ಆ ಸಣ್ಣ ನಾಣ್ಯದ ಹಿಂಭಾಗದಲ್ಲಿ ಇಂಗ್ಲಿಷಿನೊಡನೆ ನಾಗರಿ, ಉರ್ದು, ಬಂಗಾಲಿ, ತೆಲುಗು ನಾಲ್ಕೂ ಲಿಪಿಗಳಲ್ಲಿ ಬೆಲೆಯನ್ನು ಬರೆದಿದೆ. ಸಂತೆಯಲ್ಲಿ ಮೋಸಹೋಗದಂತೆ ಕೂಲಿಯವನು ಓದಬೇಕಾಗಿತ್ತು. ಎದೆಗೆ ತೂಗಿಸಿಕೊಳ್ಳುವವನು ಓದಬೇಕಾಗಿರಲಿಲ್ಲ. ಆ ನಾಲ್ಕು ಲಿಪಿಗಳಲ್ಲಿ ಕನ್ನಡವಿಲ್ಲ. ಆದೋನಿ, ರಾಯದುರ್ಗಗಳ ಕನ್ನಡಿಗನು ತೆಲುಗಿನ ಸಾಲನ್ನೂ ಜತ್ತ, ಅಕ್ಕಲಕೋಟೆಗಳ ಕನ್ನಡಿಗನು ನಾಗರಿಯ ಸಾಲನ್ನೂ ಓದಿಕೊಂಡು ಕೆಲಸ ಸಾಗಿಸಬಹುದಾಗಿತ್ತು. ನೆರೆಯವರ ಲಿಪಿಯ ಕಿಟಕಿಯಿಂದ ಸರಕಾರವನ್ನು ನೋಡುವ ಅಭ್ಯಾಸ ನಮಗೆ ಇಂದು ನಿನ್ನೆಯದಲ್ಲ.

ಇನ್ನು ಶಿಲ್ಪಿಯ ವಿಷಯ. ಮುಂಭಾಗದ ಎರಡು ಮುಖಗಳನ್ನು ರೂಪಿಸಿದವನು ಬರ್ಟ್ರಮ್ ಮ್ಯಾಕೆನಲ್. ಇವನು ಇಂಗ್ಲೆಂಡಿನವನಲ್ಲ, 1863ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಫಿಟ್ಜ್‌ರಾಯ್‌ನಲ್ಲಿ ಹುಟ್ಟಿದವನು. ತಂದೆ ಸ್ಕಾಟ್ಲೆಂಡಿನಿಂದ ವಲಸೆ ಹೋದ ಶಿಲ್ಪಿ. ಮಗನ ಮೊದಲ ಗುರುವೂ ಅವನೇ. ಹತ್ತೊಂಬತ್ತರ ಹರೆಯದಲ್ಲಿ ಲಂಡನ್ನಿಗೆ ಹೋಗಿ ರಾಯಲ್ ಅಕಾಡೆಮಿಯ ಶಾಲೆಗೆ ಸೇರಿದನು. ಅಲ್ಲಿಯ ಪಾಠ ರುಚಿಸದೆ ಪ್ಯಾರಿಸ್ಸಿಗೆ ತೆರಳಿದನು. ಹೊಟ್ಟೆಪಾಡಿಗಾಗಿ ಇಂಗ್ಲೆಂಡಿನ ಕೋಲ್‌ಪೋರ್ಟ್ ಪಿಂಗಾಣಿ ಕಾರ್ಖಾನೆಯಲ್ಲಿ ಕಲಾವಿಭಾಗವನ್ನು ನೋಡಿಕೊಂಡನು. ನಡುವೆ ಊರಿಗೆ ಮರಳಿ ಮೆಲ್ಬರ್ನಿನ ಪಾರ್ಲಿಮೆಂಟ್ ಭವನಕ್ಕೆ ಉಬ್ಬುಶಿಲ್ಪಗಳನ್ನು ಮಾಡಿಕೊಟ್ಟು ಮತ್ತೆ ಪ್ಯಾರಿಸ್ಸಿಗೆ ಹೋದನು.

ಅವನಿಗೆ ಹೆಸರು ತಂದದ್ದು ‘ಸರ್ಸಿ’ ಎಂಬ ಪ್ರತಿಮೆ. 1893ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅದಕ್ಕೆ ಮನ್ನಣೆ ದೊರೆಯಿತು. ಮರುವರ್ಷ ಲಂಡನ್ನಿನ ರಾಯಲ್ ಅಕಾಡೆಮಿಯು ಅದನ್ನು ಪ್ರದರ್ಶನಕ್ಕೇನೋ ಇಟ್ಟಿತು, ಆದರೆ ಪೀಠದ ಸುತ್ತ ಹೆಣೆದುಕೊಂಡ ನಗ್ನಾಕೃತಿಗಳು ಅಸಭ್ಯವೆಂದು ಪೀಠಕ್ಕೆ ಬಟ್ಟೆ ಸುತ್ತಿಸಿತು. ಬಟ್ಟೆ ಸುತ್ತಿದ ಮೇಲೆ ನೋಡಬಂದವರ ಸಂಖ್ಯೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲವೆಂದು ಹೇಳಲು ದಾಖಲೆ ಬೇಡ, ಲೋಕಾನುಭವ ಸಾಕು. ಸರ್ಸಿ ಯಾರೆಂಬುದನ್ನು ಗ್ರೀಕ್ ಪುರಾಣವನ್ನು ಓದಿದ ವಿದ್ಯಾರ್ಥಿಗಳು ಬಲ್ಲರು. ಹೋಮರನ ‘ಒಡಿಸ್ಸಿ’ಯಲ್ಲಿ ಒಡಿಸ್ಯೂಸನ ಸಂಗಡಿಗರನ್ನು ಮಂತ್ರದಂಡದಿಂದ ಹಂದಿಗಳನ್ನಾಗಿ ಮಾಡಿದವಳು ಅವಳು. ಈ ವಿವರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಕಲಾವಿದರ ಕೂಟದಿಂದ ಅರಮನೆಯ ಅಂಗಳಕ್ಕೆ ಅವನ ಪಯಣ ನಿಧಾನವಾಗಿಯೇ ಆಯಿತು. ವಿಕ್ಟೋರಿಯಾ ರಾಣಿಯ ಪ್ರತಿಮೆಗಳನ್ನು ಮಾಡಿದನು. ಅವುಗಳಲ್ಲೊಂದು ಲಾಹೋರಿಗೆ ಬಂತು, ಈಗ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿದೆ. 1908ರ ಲಂಡನ್ ಒಲಿಂಪಿಕ್ಸಿನ ಪದಕಗಳು ಅವನವೇ. ಕಲಕತ್ತೆಯ ವಿಕ್ಟೋರಿಯಾ ಸ್ಮಾರಕದ ದಕ್ಷಿಣ ದ್ವಾರದಲ್ಲಿ ಕುದುರೆಯ ಮೇಲೆ ಕುಳಿತಿರುವ ಏಳನೆಯ ಎಡ್ವರ್ಡನೂ, ವಿಂಡ್ಸರಿನಲ್ಲಿ ಅದೇ ಎಡ್ವರ್ಡನ ಸಮಾಧಿಯ ಶಿಲ್ಪವೂ ಅವನ ಕೈಯವು. ಐದನೆಯ ಜಾರ್ಜನು ಪಟ್ಟಕ್ಕೆ ಬಂದಾಗ ಪಟ್ಟಾಭಿಷೇಕದ ಪದಕ ಮತ್ತು ಹೊಸ ನಾಣ್ಯಗಳ ರಾಜಮುಖ ಎರಡೂ ಇವನ ಪಾಲಿಗೆ ಬಂದವು. 1921ರಲ್ಲಿ ‘ಸರ್’ ಪದವಿ ದೊರೆಯಿತು. ಆಸ್ಟ್ರೇಲಿಯದ ಶಿಲ್ಪಿಗಳಲ್ಲಿ ಅದನ್ನು ಪಡೆದ ಮೊದಲಿಗನು ಅವನು. ಒಂದು ವಸಾಹತಿನಲ್ಲಿ ಹುಟ್ಟಿದವನು ಇನ್ನೊಂದು ವಸಾಹತಿನ ಜೇಬಿಗೂ ಎದೆಗೂ ರಾಜನ ಮುಖವನ್ನು ಮಾಡಿಕೊಟ್ಟನೆಂಬುದು ನನಗೆ ಸೋಜಿಗದ ಸಂಗತಿಯಾಗಿ ಕಂಡಿದೆ. ನಮ್ಮ ಮೇಲೆ ಬಿದ್ದ ಛಾಪನ್ನು ಕೊರೆದ ಕೈ ಕೂಡ ರಾಜಧಾನಿಯ ಅಂಚಿನಿಂದಲೇ ಬಂದದ್ದು.

ಅವನ ಕೆಲಸದ ಗುಣವನ್ನು ಅಲ್ಲಗಳೆಯುವಂತಿಲ್ಲ. ಪದಕದ ಶಿಲ್ಪವೆಂದರೆ ಬಹುಮಟ್ಟಿಗೆ ಸಂಯಮ. ಕೂದಲೆಳೆಯ ದಪ್ಪದೊಳಗೆ ಕೆನ್ನೆಯ ಏರು, ಗಡ್ಡದ ನಯ, ವಸ್ತ್ರದ ಮಡಿಕೆ ಎಲ್ಲವೂ ಕಾಣಬೇಕು. ಶಿಲ್ಪಿಯು ಪದಕಕ್ಕಿಂತ ಹಲವು ಪಟ್ಟು ದೊಡ್ಡದಾದ ಮಾದರಿಯನ್ನು ಗಾರೆಯಲ್ಲಿ ಮಾಡುತ್ತಾನೆ. ಟಂಕಸಾಲೆಯಲ್ಲಿ ಒಂದು ಯಂತ್ರದ ಮೊಂಡು ಮೊನೆ ಆ ಮಾದರಿಯ ಮೇಲೆ ಸುತ್ತುತ್ತ ಸಾಗಿದಂತೆ, ಅದರ ಇನ್ನೊಂದು ತುದಿಯ ಚೂಪು ಉಳಿ ಅದೇ ಏರಿಳಿತವನ್ನು ಚಿಕ್ಕದಾಗಿ ಉಕ್ಕಿನಲ್ಲಿ ಕೊರೆಯುತ್ತದೆ. ಆ ಉಕ್ಕಿನಿಂದ ಅಚ್ಚು, ಅಚ್ಚಿನಿಂದ ಸಾವಿರ, ಲಕ್ಷ ಪ್ರತಿಗಳು. ಮಾದರಿಯ ಮೇಲೆ ಅಂಗೈಯಷ್ಟು ಕಂಡದ್ದು ನಾಣ್ಯದ ಮೇಲೆ ಎಳ್ಳುಕಾಳಿನಷ್ಟಾಗುತ್ತದೆ. ಇಲ್ಲಿಯೇ ಅಪಾಯ.

ಆ ಅಪಾಯವೇ 1911ರಲ್ಲಿ ಒದಗಿತು, ಪದಕದಲ್ಲಲ್ಲ, ರೂಪಾಯಿಯಲ್ಲಿ. ಹೊಸ ದೊರೆಯ ಬೆಳ್ಳಿಯ ರೂಪಾಯಿಯಲ್ಲಿ ಅವನ ಉಡುಗೆಯ ಎದೆಭಾಗದ ಮೇಲೆ ಭಾರತ ಸಾಮ್ರಾಜ್ಯದ ಬಿರುದಿನ ಹಾರವನ್ನು ತೋರಿಸಿತ್ತು. ಆನೆ, ಕಮಲ, ನವಿಲುಗಳುಳ್ಳ ಹಾರ ಅದು. ನಾಣ್ಯದ ಮೇಲೆ ಇಳಿದ ಆ ಪುಟ್ಟ ಆನೆಗೆ ಸೊಂಡಿಲು ಮೊಟಕು, ಕಾಲು ಮೊಟಕು. ಜನ ನೋಡಿದರು, ಅದು ಆನೆಯಲ್ಲ, ಹಂದಿ ಎಂದರು. ಮುಸಲ್ಮಾನರು ಕೈಯಲ್ಲಿ ಹಿಡಿಯಬೇಕಾದ ನಾಣ್ಯದ ಮೇಲೆ, ಚಕ್ರವರ್ತಿಯ ಎದೆಯ ಮೇಲೆ, ಹಂದಿ! ಸಿಪಾಯಿಗಳ ಕಾಡತೂಸಿಗೆ ಹಂದಿಯ ಕೊಬ್ಬು ಸವರಿದೆಯೆಂಬ ಸುದ್ದಿಯಿಂದ 1857ರಲ್ಲಿ ಏನಾಯಿತೆಂಬುದನ್ನು ಸರಕಾರ ಮರೆತಿರಲಿಲ್ಲ. ಟಂಕಿಸಿದ್ದ ಸುಮಾರು 94 ಲಕ್ಷ ನಾಣ್ಯಗಳಲ್ಲಿ ಸುಮಾರು 7 ಲಕ್ಷ ಹೊರಬಿದ್ದಿದ್ದವು. ಉಳಿದವನ್ನು ತಡೆದು ಕರಗಿಸಲಾಯಿತು. 1912ರ ರೂಪಾಯಿಯಲ್ಲಿ ಆನೆಗೆ ಕಣ್ಣಿಗೆ ಕಾಣುವಷ್ಟು ಸೊಂಡಿಲು ಬಂತು. ಹಂದಿಗಳನ್ನು ಸೃಷ್ಟಿಸುವ ಮಾಟಗಾತಿಯ ಪ್ರತಿಮೆಯಿಂದ ಕೀರ್ತಿ ಪಡೆದವನ ಆನೆ ಹೀಗೆ ಹಂದಿಯಾಯಿತು. ಕನ್ನಡದ ಗಾದೆ ‘ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ’ ಎನ್ನುತ್ತದೆ; ಮರಾಠಿಯದು ‘ಕರಾಯಲಾ ಗೇಲಾ ಗಣಪತಿ, ಝಾಲಾ ಮಾರುತಿ’ ಎನ್ನುತ್ತದೆ. ಎರಡರಲ್ಲಿಯೂ ಕೈತಪ್ಪುವುದು ಆನೆಯ ಮುಖವೇ ಆಗಿರುವುದು ವಿನೋದ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ನಕ್ಕು ಮುಗಿಸುತ್ತಾರೆ, ಇಲ್ಲವೆ ‘ನಮ್ಮ ಜನ ಸಣ್ಣದಕ್ಕೆಲ್ಲ ಕೆರಳುವವರು’ ಎಂದು ತೀರ್ಪು ಕೊಡುತ್ತಾರೆ. ಎರಡನ್ನೂ ನಾನು ಒಪ್ಪಲಾರೆ. ನನಗೆ ಕಾಣುವ ಸಂಗತಿ ಬೇರೆ. ಅಂಧಗಜನ್ಯಾಯದಲ್ಲಿ ಕಣ್ಣಿಲ್ಲದವರು ಆನೆಯನ್ನು ಮುಟ್ಟಿ ತಪ್ಪಾಗಿ ತಿಳಿದರು. ಇಲ್ಲಿ ಕಣ್ಣಿದ್ದವರು ನೋಡಿ ಸರಿಯಾಗಿಯೇ ಹೇಳಿದರು. ಆನೆಯನ್ನು ದಿನವೂ ಕಾಣುವ ನಾಡು ಇದು. ಟಿಪ್ಪುವಿನ ತಾಮ್ರದ ಕಾಸುಗಳ ಮೇಲೆ ಆನೆ ನಿಂತಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಪುಟ್ಟ ಕಾಸುಗಳ ಮೇಲೆ ಸೂರ್ಯಚಂದ್ರರ ಕೆಳಗೆ ಆನೆ ನಿಂತಿದೆ, ಕನ್ನಡದ ಅಕ್ಷರವೂ ಇದೆ. ಉಗುರಿನಷ್ಟಗಲದ ತಾಮ್ರದಲ್ಲಿ ಹೆಸರಿಲ್ಲದ ಅಕ್ಕಸಾಲಿಗನು ನಾಲ್ಕು ಏಟಿನಲ್ಲಿ ಮೂಡಿಸಿದ ಆ ಆನೆಗಳನ್ನು ಹಂದಿಯೆಂದವರಿಲ್ಲ. ಕೌಶಲದಲ್ಲಿ ಅವನು ಮ್ಯಾಕೆನಲ್ಲನಿಗೆ ಸಮನೆಂದು ನಾನು ಹೇಳುತ್ತಿಲ್ಲ. ಆ ಕಾಸುಗಳ ಕೆಲಸ ಒರಟು. ಆದರೆ ಆನೆಯನ್ನು ಆನೆಯೆಂದು ಗುರುತಿಸಲು ಏನು ಬೇಕೆಂಬುದು ಅವನಿಗೆ ಗೊತ್ತಿತ್ತು: ಸೊಂಡಿಲು ನೆಲದ ಕಡೆಗೆ ಇಳಿಯಬೇಕು. ಲಂಡನ್ನಿನ ಕಣ್ಣಿಗೆ ಅದು ಹಾರದ ಒಂದು ಮಣಿ, ಉಡುಗೆಯ ಮೂಲೆಯ ಅಲಂಕಾರ. ನೋಡುವ ಕೋಟಿ ಜನರಿಗೆ ಅದೇ ಮೊದಲು ಕಣ್ಣಿಗೆ ಬೀಳುವ ವಸ್ತು. ಅಚ್ಚು ಹಾಕುವುದಕ್ಕೆ ಮುಂಚೆ ಆ ಜನರಲ್ಲಿ ಒಬ್ಬನಿಗೆ ಮಾದರಿಯನ್ನು ತೋರಿಸಿದ್ದರೆ ಸಾಕಾಗಿತ್ತು.

ಗಡಿನಾಡಿನ ಕನ್ನಡಿಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಿಯೋ ಸಿದ್ಧವಾಗಿ, ಕನ್ನಡಕ್ಕೆ ಇಳಿದು ನಮ್ಮ ಮಕ್ಕಳ ಕೈಗೆ ಬರುವ ಹಾಳೆಗಳಲ್ಲಿ ಇಂಥ ಸೊಂಡಿಲಿಲ್ಲದ ಆನೆಗಳನ್ನು ನಾವು ಕಾಣುತ್ತಲೇ ಇದ್ದೇವೆ. ಒಮ್ಮೆ ನನ್ನ ಕೈಗೆ ಬಂದ ವಿಜ್ಞಾನದ ಅಭ್ಯಾಸಪತ್ರಿಕೆಯಲ್ಲಿ ಪ್ರಯೋಗದ ಕೊನೆಗೆ ‘ನಿಮ್ಮ ಅನುಮಾನವನ್ನು ಬರೆಯಿರಿ’ ಎಂದಿತ್ತು. ಮರಾಠಿಯಲ್ಲಿ ಅನುಮಾನವೆಂದರೆ ಕಂಡದ್ದರಿಂದ ತೆಗೆದ ತೀರ್ಮಾನ. ಕನ್ನಡದ ನ್ಯಾಯಶಾಸ್ತ್ರದ ಗ್ರಂಥದಲ್ಲಿಯೂ ಅದೇ ಅರ್ಥ. ಆದರೆ ಏಳನೆಯ ತರಗತಿಯ ಹುಡುಗಿಯ ಮನೆಯಲ್ಲಿ ಅನುಮಾನವೆಂದರೆ ಸಂಶಯ. ಆ ಹುಡುಗಿ ‘ನನಗೆ ಯಾವ ಅನುಮಾನವೂ ಇಲ್ಲ’ ಎಂದು ಬರೆದಿದ್ದಳು. ಉತ್ತರ ತಪ್ಪೆಂದು ಕೆಂಪು ಗೆರೆ ಬಿತ್ತು. ಎರಡೂ ಭಾಷೆಗಳ ಶಾಲೆಯಲ್ಲಿ ಓದಿದ ನನ್ನಂಥವನಿಗೆ ಎರಡು ಅರ್ಥಗಳೂ ಒಟ್ಟಿಗೆ ಕಾಣುತ್ತವೆ. ಕನ್ನಡವೊಂದನ್ನೇ ಮನೆಯಿಂದ ತಂದ ಮಗುವಿಗೆ ಒಂದೇ ಕಾಣುತ್ತದೆ, ಮತ್ತು ಆ ಮಗು ಕಂಡದ್ದು ಸರಿಯಾಗಿಯೇ ಇರುತ್ತದೆ. ಚಕ್ರವರ್ತಿಯ ಸರಕಾರವು ಒಂದು ವರ್ಷದೊಳಗೆ ಅಚ್ಚನ್ನು ತಿದ್ದಿತು. ಜನ ಕೆರಳಿದ್ದರು ಎಂಬುದಕ್ಕಾಗಿ ತಿದ್ದಿತು. ಒಂದು ಹಾಳೆಯಲ್ಲಿ ಒಂದು ಮಾತು ತಪ್ಪಿದರೆ ಯಾರೂ ಕೆರಳುವುದಿಲ್ಲ. ಆದ್ದರಿಂದ ಅದು ತಿದ್ದಲ್ಪಡುವುದೂ ಇಲ್ಲ. ನಾವು ಅಧ್ಯಾಪಕರು ಇಂಥ ತಪ್ಪುಗಳನ್ನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಗುವುದನ್ನು ಬಿಟ್ಟು, ಗುರುತು ಹಾಕಿ, ಬರೆದು, ಕಳಿಸಬೇಕಾದಲ್ಲಿಗೆ ಕಳಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ದರ್ಬಾರಿನ ಪದಕಕ್ಕೆ ಮರಳುತ್ತೇನೆ. ಅದನ್ನು ಗೋಡೆಗೆ ತೂಗುಹಾಕುವವರಿಗೆ ಎರಡು ಸಂಗತಿಗಳನ್ನು ನೆನಪಿಸಬೇಕು. ಮೊದಲನೆಯದು ಅದೇ ದರ್ಬಾರಿನದು. ವಂದನೆ ಸಲ್ಲಿಸುವ ಸರದಿ ಬಂದಾಗ ಬಡೋದೆಯ ಸಯಾಜಿರಾವ್ ಗಾಯಕವಾಡರು ಒಂದೇ ಸಲ ತಲೆ ಬಾಗಿಸಿ, ಚಕ್ರವರ್ತಿಗೆ ಬೆನ್ನು ತೋರಿಸಿ ನಡೆದರು. ಇಂಗ್ಲೆಂಡಿನ ಪತ್ರಿಕೆಗಳು ಬೊಬ್ಬಿಟ್ಟವು. ಚಲನಚಿತ್ರದಲ್ಲಿ ಆ ದೃಶ್ಯವನ್ನು ಜನ ಮತ್ತೆ ಮತ್ತೆ ನೋಡಿದರು. ಮಹಾರಾಜರು ವಿವರಣೆ ಬರೆದು ಕಳಿಸಬೇಕಾಯಿತು. ನಾಶಿಕ ಜಿಲ್ಲೆಯ ಕವಳಾಣೆ ಎಂಬ ಹಳ್ಳಿಯಲ್ಲಿ ಹುಟ್ಟಿ ದತ್ತಕ ಹೋಗಿ ರಾಜನಾದವರು ಅವರು. ಆ ಬೆನ್ನು ಉದ್ದೇಶಪೂರ್ವಕವೋ ಗಡಿಬಿಡಿಯದೋ ಎಂಬ ಚರ್ಚೆಯನ್ನು ಇತಿಹಾಸ ವಿಭಾಗದ ಮಿತ್ರರಿಗೆ ಬಿಡುತ್ತೇನೆ. ಎರಡನೆಯದು ನಮ್ಮ ಸೋಲಾಪುರದ್ದು. ಅದೇ ಐದನೆಯ ಜಾರ್ಜನ ಹೆಸರಿನಲ್ಲಿ 1930ರ ಮೇ ತಿಂಗಳಲ್ಲಿ ಈ ಊರಿನ ಮೇಲೆ ಲಷ್ಕರಿ ಕಾಯಿದೆ ಹೇರಲಾಯಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು ಯೇರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಅವರ ಕೊರಳಿಗೆ ಪಟ್ಟಿಯೂ ಇಲ್ಲ, ಪದಕವೂ ಇಲ್ಲ. ರಾಜನ ಮುಖವನ್ನು ಕೆತ್ತಿದ ಮ್ಯಾಕೆನಲ್ ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಟಾರ್ಕೀಯಲ್ಲಿ ತೀರಿಕೊಂಡನು. ಒಂದಕ್ಕೊಂದು ಸಂಬಂಧವಿಲ್ಲದ ಮರಣಗಳು. ಆದರೆ ಆ ದಿನಗಳಲ್ಲಿ ಸೋಲಾಪುರದ ಗಿರಣಿ ಕಾರ್ಮಿಕನ ಪಗಾರವಾಗಿ ಕೈಗೆ ಬರುತ್ತಿದ್ದ ರೂಪಾಯಿಯ ಮೇಲೆ ಇದ್ದದ್ದು ಮ್ಯಾಕೆನಲ್ಲನ ಜಾರ್ಜನೇ.

ಹಾಗಿದ್ದರೆ ಕರಗಿಸುವವರೇ ಸರಿಯಲ್ಲವೇ ಎಂದು ವಿದ್ಯಾರ್ಥಿಯೊಬ್ಬನು ತರಗತಿಯಲ್ಲಿ ಕೇಳಿದನು. ಸರಿಯಲ್ಲವೆಂದೇ ನನ್ನ ಉತ್ತರ. ಕರಗಿಸಿದರೆ ಹೋಗುವುದು ರಾಜನ ಮುಖವಲ್ಲ. ಅವನ ಮುಖ ಲಂಡನ್ನಿನಲ್ಲಿ ಬೇಕಾದಷ್ಟು ಉಳಿದಿದೆ. ಹೋಗುವುದು ನಮ್ಮ ಮನೆಯ ಯಾವನೋ ಒಬ್ಬ ಹವಾಲ್ದಾರ, ಕಾರಕೂನ, ದೇಸಾಯಿ ಯಾವ ಕೆಲಸಕ್ಕಾಗಿ, ಯಾವ ಒತ್ತಾಯದಿಂದ, ಯಾವ ಹೆಮ್ಮೆಯಿಂದ ಅದನ್ನು ಎದೆಗೆ ಕಟ್ಟಿಕೊಂಡನೆಂಬ ಸುಳಿವು. ಅಕ್ಕಲಕೋಟೆ, ಜತ್ತಗಳು ಸಂಸ್ಥಾನಗಳಾಗಿದ್ದವು. ಇಲ್ಲಿಯ ಇತಿಹಾಸವನ್ನು ಮರಾಠಿಯಲ್ಲಿ ಬರೆದಾಗ ಕನ್ನಡಿಗರು ಅಡಿಟಿಪ್ಪಣಿ, ಕನ್ನಡದಲ್ಲಿ ಬರೆದಾಗ ಈ ಊರುಗಳೇ ಅಡಿಟಿಪ್ಪಣಿ. ಇಂಥ ಕಡೆ ಒಂದು ಪದಕ ಮತ್ತು ಅದರ ಹಿಂದಿನ ಒಂದು ಮಾತು ಎಂದರೆ ಕಡಿಮೆಯ ಆಧಾರವಲ್ಲ.

ಇನ್ನೊಂದು ಕಾರಣವೂ ಇದೆ. ಇಂಗ್ಲೆಂಡಿನ ನಾಣ್ಯಗಳಲ್ಲಿ ಐದನೆಯ ಜಾರ್ಜನ ಕೊರಳು ಮುಗಿಯುವ ಅಂಚಿನಲ್ಲಿ ಶಿಲ್ಪಿಯ ಹೆಸರಿನ ಮೊದಲಕ್ಷರಗಳೆರಡು ಕಾಣುತ್ತವೆ. ಚಕ್ರವರ್ತಿಯ ಕೊರಳಿನ ಮೇಲೆ ಕಸುಬುದಾರನ ರುಜು! ಕನ್ನಡಿಗರಿಗೆ ಇದು ಹೊಸತಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೊರೆದರು. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ. ರೂವಾರಿ ಎಂಬ ಸುಂದರವಾದ ಪದವನ್ನು ಕೊಟ್ಟ ನಾಡಿನವರು ನಾವು, ಇಂದು ಚೌಕಚೌಕಗಳಲ್ಲಿ ಮಾಲೆ ಹಾಕುವ ಪುತ್ಥಳಿಗಳನ್ನು ಮಾಡಿದವರು ಯಾರೆಂದು ಕೇಳುವುದನ್ನು ಮರೆತಿದ್ದೇವೆ. ಚಾರ್ ಹುತಾತ್ಮಾ ಚೌಕದ ಮುಂದೆ ದಿನವೂ ಹಾಯುವ ವಿದ್ಯಾರ್ಥಿಗಳು ಒಂದು ದಿನ ಬಸ್ಸಿನಿಂದ ಇಳಿದು, ಪ್ರತಿಮೆಗಳ ಸುತ್ತ ಒಂದು ಸುತ್ತು ಬಂದು, ಪೀಠದ ಮೇಲಿನ ಬರಹವನ್ನೆಲ್ಲ ಅಕ್ಷರಶಃ ಬರೆದುಕೊಂಡು ಬರಲಿ. ಉದ್ಘಾಟಕರ ಹೆಸರಿಗೆ ಎಷ್ಟು ಸಾಲು, ರೂವಾರಿಗೆ ಎಷ್ಟು ಸಾಲು ಎಂಬುದನ್ನು ತರಗತಿಯಲ್ಲಿ ಎಣಿಸೋಣ.

ದ್ವಿತೀಯ ವರ್ಷದ ವಿದ್ಯಾರ್ಥಿಗಳಿಗೆ ದೀಪಾವಳಿಯ ರಜೆಗೆ ಇನ್ನೊಂದು ಕೆಲಸ. ಲಕ್ಷ್ಮೀಪೂಜೆಯ ತಟ್ಟೆಯಲ್ಲಿ ಹಳೆಯ ನಾಣ್ಯ, ಪದಕ ಏನಿದ್ದರೂ ಅದರ ವರ್ಷ, ಅದರ ಮೇಲಿನ ಲಿಪಿಗಳು, ಛಾಪಾ ಕಾಟಾ ಎರಡೂ ಮುಖಗಳ ವಿವರ, ತೂಕ, ಮತ್ತು ಅದು ಮನೆಗೆ ಬಂದ ಬಗೆಯನ್ನು ಹಿರಿಯರು ಹೇಳಿದ ಮಾತಿನಲ್ಲಿಯೇ, ಅವರದೇ ಆಡುನುಡಿಯಲ್ಲಿ ಬರೆದುಕೊಳ್ಳಿ. ಕನ್ನಡದ ನಡುವೆ ಮರಾಠಿಯ ಪದ ಬಂದರೆ ತಿದ್ದಬೇಡಿ. ಬೆಳಕು ಒಂದು ಪಕ್ಕದಿಂದ ಓರೆಯಾಗಿ ಬೀಳುವಂತೆ ಇಟ್ಟು ಚಿತ್ರ ತೆಗೆಯಿರಿ. ನೇರ ಬೆಳಕಿನಲ್ಲಿ ಉಬ್ಬು ಕಾಣುವುದಿಲ್ಲ. ಹುಣಸೆಹಣ್ಣು, ಬೂದಿ ಹಚ್ಚಿ ಉಜ್ಜಬೇಡಿ. ಸವೆದ ಸೊಂಡಿಲು ಮತ್ತೆ ಬೆಳೆಯುವುದಿಲ್ಲ. 1911ರ ರೂಪಾಯಿ ಸಿಕ್ಕವರು ದೊರೆಯ ಎದೆಯ ಮೇಲಿನ ಪ್ರಾಣಿಯನ್ನು ಭೂತಗನ್ನಡಿಯಿಂದ ನೋಡಿ, ಪಕ್ಕದಲ್ಲಿ 1912ರದನ್ನಿಟ್ಟು ಹೋಲಿಸಿರಿ. ವಸ್ತುಗಳನ್ನು ಕಾಲೇಜಿಗೆ ತರುವುದು ಬೇಡ, ಅವು ಮನೆಯಲ್ಲಿಯೇ ಇರಲಿ. ಹಿರಿಯರ ಒಪ್ಪಿಗೆ ಪಡೆದು ಚಿತ್ರವನ್ನೂ ಬರಹವನ್ನೂ ತಂದರೆ ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟಗಳನ್ನು ಅದಕ್ಕಾಗಿ ಕಾದಿರಿಸುತ್ತೇವೆ.